ಬಾಗಿಲ ಸಿನಿಮಾ

ಬಳೆ ಅಂಗಡಿಯ ಜಹೀದಾಳ ಕೈಗೆ ಕೈ ಕೊಟ್ಟ ಮೇಲೆ ಗಜೇಂದ್ರಗಡದ ಯಾವ ಹೆಣ್ಣುಮಗಳಿಗೂ ಬಿಡುಗಡೆ ಇರಲಿಲ್ಲ. ಬಳೆ ಏರಿಸುವಾಗ ಕೈ ಎಳೆದುಕೊಂಡರೆ ಗಾಜು ಒಡೆದು ಮುಂಗೈ ಕೊಯ್ಯುತ್ತದೆ. ಹಾಗಾಗಿ ಬಳೆ ಪೂರ್ತಿ ಏರುವ ತನಕ ಜಹೀದಾ ಹೇಳಿದ್ದನ್ನು ಕೇಳಲೇಬೇಕು, ಮತ್ತು ಜಹೀದಾ ಹೇಳುತ್ತಿದ್ದುದು ಬರೀ ಸಿನಿಮಾದ ಮಾತು. ಮನೆಯಲ್ಲಿ ಉರ್ದು ಆಡುತ್ತಿದ್ದವಳು ಸಿನಿಮಾದ ಮಾತು ಬಂದರೆ ಅಲ್ಲಿಯೂ ಕನ್ನಡಕ್ಕೆ ಇಳಿದುಬಿಡುತ್ತಿದ್ದಳು. ಅವತ್ತು ಸಿಕ್ಕಿಬಿದ್ದವಳು ಗೌರವ್ವ. ಬಾಜೂ ಓಣಿಯವಳು, ಜಹೀದಾಳ ತವರೂರಿನವಳೇ, ಸಣ್ಣಂದಿನಿಂದ ಗೆಳತಿ. ಗೆಳತಿಯಾದರೂ ಕೈ ಕೈಯೇ.

"ನಿನ್ನೆ ಟಾಕೀಜಿಗೆ ಹೋಗಿದ್ದೆ. ಹೋಗಬಾರದಿತ್ತು," ಎಂದಳು ಜಹೀದಾ, ಗೌರವ್ವನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚುತ್ತ. "ಮೊದಲನೇ ಸೀನಿಗೇ ಮಚ್ಚು. ಎರಡನೇ ಸೀನಿಗೂ ಮಚ್ಚು. ಹೀರೋನ ಕೈಯಾಗ ಮಚ್ಚು, ವಿಲನ್ ಕೈಯಾಗ ಮಚ್ಚು, ಪೊಲೀಸನೂ ಮಚ್ಚು ಹಿಡದು ನಿಂತಾನ. ಊರಾಗ ಒಬ್ಬನೇ ಒಬ್ಬ ಕಂಬಾರ ಇದ್ರ ಇಷ್ಟೊತ್ತಿಗೆ ಸಾವಕಾರ ಆಗಿರತಿದ್ದ ನೋಡು."

"ಮತ್ತ ಯಾಕ ಹೋಗಿದ್ದಿ?"

"ಹೋಗದೆ ಬೈಯಾಕ ಬರತೈತೇನು? ಹೀರೋ ಹುಡಿಗಿ ಕೆನ್ನಿಗೆ ಹೊಡದ್ನಂತ, ಆಕಿಗೆ ಅಲ್ಲೇ ಪ್ರೀತಿ ಹುಟ್ಟಿತಂತ. ಹೊಡಿಸಿಕೊಂಡ್ರ ಯಾರಿಗರ ಪ್ರೀತಿ ಹುಟ್ಟತೈತೇನು ಗೌರವ್ವಾ? ನಿನಗ ಹುಟ್ಟೈತೇನು?"

"ಕೈ ನೋಯಾಕತ್ತೈತಿ ಜಹೀದಕ್ಕ, ಸ್ವಲ್ಪ ಮೆತ್ತಗ."

ಮೆತ್ತಗೆ ಎಲ್ಲಿಂದ ಬರಬೇಕು. ಜಹೀದಾಳ ಪಿತ್ತ ನೆತ್ತಿಗೇರಿತ್ತು. ಹೊಸ ಸಿನಿಮಾದ ಹಾಡು ಹಿಮದಲ್ಲಿ ಯಾಕೆ ಆಗಬೇಕು ಎಂಬುದು ಆಕೆಯ ಎರಡನೆಯ ತಕರಾರು. ಆಗಲಿ, ಆದರೆ ಅವನಿಗೆ ಕೋಟು, ಮಫ್ಲರು, ಕೈಗೆ ಚೀಲ, ಮತ್ತು ಆಕೆಗೆ ಅಂಗೈ ಅಗಲದ ಬಟ್ಟೆ. ಥಂಡಿ ಏನು ಗಂಡಸರಿಗಷ್ಟೇ ಬೀಳುತ್ತದೆಯೇ? ಇನ್ನು ತಾಯಿಯ ಪಾತ್ರ. ತಾಯಿ ಇರುವುದು ಮಗನಿಗೆ ಉಣ್ಣಲು ಬಡಿಸುವುದಕ್ಕೆ, ಇಲ್ಲವಾದರೆ ಇಂಟರ್‌ವಲ್ಲಿನ ಹೊತ್ತಿಗೆ ಸಾಯುವುದಕ್ಕೆ. ಆಕೆ ಸತ್ತಳೆಂದೇ ಮಗ ಮಚ್ಚು ಹಿಡಿಯುತ್ತಾನೆ. ಬದುಕಿದ್ದಾಗ ಆಕೆಯ ಹೆಸರೇನು ಎಂದು ಒಬ್ಬರೂ ಹೇಳುವುದಿಲ್ಲ.

ಹಾಗೆಂದು ಹಳೆಯದೆಲ್ಲ ಬಂಗಾರ ಎನ್ನುವ ಪೈಕಿ ಅಲ್ಲ ಜಹೀದಾ. ಹಳೆಯ ಸಿನಿಮಾಗಳ ಮೇಲೆ ಆಕೆಗೆ ಇದ್ದ ಸಿಟ್ಟು ಬೇರೆ ತರಹದ್ದು. ಗಂಡ ಕುಡಿದು ಬರುತ್ತಾನೆ, ಹೆಂಡತಿ ಅವನ ಬೂಟು ಬಿಚ್ಚುತ್ತ ಹಾಡು ಹಾಡುತ್ತಾಳೆ. ಅತ್ತೆ ಬರೆ ಹಾಕುತ್ತಾಳೆ, ಸೊಸೆ ತುಳಸಿಕಟ್ಟೆ ಸುತ್ತುತ್ತಾಳೆ. ಕಡೆಗೆ ಆಕೆಗೆ ಕೆಮ್ಮು ಬರುತ್ತದೆ, ಕರವಸ್ತ್ರದಲ್ಲಿ ರಕ್ತ ಕಾಣುತ್ತದೆ, ಆಗ ಎಲ್ಲರಿಗೂ ಬುದ್ಧಿ ಬರುತ್ತದೆ. "ಬುದ್ಧಿ ಬರೂದಕ್ಕ ಒಂದ ಹೆಣ ಬೇಕೇನು ಇವರಿಗೆ?" ಎಂದು ಜಹೀದಾ ಎಷ್ಟು ಮಂದಿಯ ಮುಂಗೈ ಹಿಚುಕಿದ್ದಳೋ.

ಒಂದು ಸಿನಿಮಾ ಮಾತ್ರ ಇದಕ್ಕೆಲ್ಲ ಹೊರತು. ಅದಕ್ಕೆ ಹೆಸರು ಬೇರೆ ಏನೋ ಇತ್ತು. ಜಹೀದಾಳ ತವರಿನ ಕಡೆಯ ಹೆಂಗಸರೆಲ್ಲ ಅದನ್ನು ಕರೆಯುತ್ತಿದ್ದುದು ಬಾಗಿಲ ಸಿನಿಮಾ ಎಂದು. ನರೇಗಲ್ಲಿನ ಟೆಂಟ್ ಟಾಕೀಜಿಗೆ ಅದು ಬಂದಾಗ ಜಹೀದಾಗೆ ಇನ್ನೂ ಮದುವೆಯಾಗಿರಲಿಲ್ಲ. ಸುತ್ತಲಿನ ಹಳ್ಳಿಯವರೆಲ್ಲ ಬಸ್ಸು ಹತ್ತಿ ಬಂದು, ಮೊದಲ ಆಟ ನೋಡಿ, ಗಜೇಂದ್ರಗಡದ ಕಡೆಯ ಕೊನೆಯ ಬಸ್ಸಿಗೆ ಮನೆ ಸೇರುತ್ತಿದ್ದರು. ಕತೆ ಇಷ್ಟೇ. ವನಮಾಲಾ ಎಂಬ ಹೆಣ್ಣುಮಗಳನ್ನು ಗಂಡ ಬಿಟ್ಟು ಇನ್ನೊಬ್ಬಳ ಜೋಡಿ ಹೋಗುತ್ತಾನೆ. ಆಕೆ ಹೊಲಿಗೆ ಹಾಕಿ ಬದುಕುತ್ತಾಳೆ. ವರ್ಷಗಳಾದ ಮೇಲೆ ಅವನು ಮಳೆಯಲ್ಲಿ ತೊಯ್ಸಿಕೊಂಡು ಬಂದು ಹೊಸ್ತಿಲ ಹೊರಗೆ ನಿಂತು ತಪ್ಪಾಯಿತು ಎನ್ನುತ್ತಾನೆ. ವನಮಾಲಾ ಅವನನ್ನು ಮೇಲಿಂದ ಕೆಳಗೆ ನೋಡುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಬಾಗಿಲು ಹಾಕಿ ಚಿಲಕ ಇಡುತ್ತಾಳೆ. ಶುಭಂ.

"ಆ ಚಿಲಕದ ಸಪ್ಪಳ ಇನ್ನೂ ಕಿವ್ಯಾಗ ಐತಿ," ಎಂದಳು ಜಹೀದಾ. "ಮಚ್ಚು ಬೇಕಾಗಲಿಲ್ಲ, ಡೈಲಾಗ್ ಬೇಕಾಗಲಿಲ್ಲ. ಒಂದ ಚಿಲಕ. ಅದು ಸಿನಿಮಾ."

"ಹೌದವಾ, ಖರೇ," ಎಂದಳು ಗೌರವ್ವ. ಇದನ್ನು ಆಕೆ ಹೇಳಿದ್ದು ಕೈ ಬಿಡಿಸಿಕೊಳ್ಳಲಿಕ್ಕಲ್ಲ. ಆಕೆಯೂ ಅದೇ ಟೆಂಟಿನಲ್ಲಿ, ಹೆಣ್ಣುಮಕ್ಕಳ ಕಡೆಯ ಉಸುಕಿನ ಮೇಲೆ ಕೂತು ಅದನ್ನೇ ನೋಡಿದವಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಓಡುತ್ತಿತ್ತು. ಅಲ್ಲಿ ಕೂತಿದ್ದವಳು ಜಹೀದಾಳ ಒಬ್ಬಳೇ ಮಗಳು ನಾಹೀದ. ಆಕೆಯನ್ನು ರೋಣಕ್ಕೆ ಕೊಟ್ಟಿದ್ದರು. ಗಂಡ ಮುನಾವರ ಗೋವಾಕ್ಕೆ ದುಡಿಯಲು ಹೋಗಿ, ಅಲ್ಲೊಬ್ಬಳನ್ನು ಕಟ್ಟಿಕೊಂಡು, ತಿರುಗಿ ನೋಡಲಿಲ್ಲ. ನಾಹೀದ ಒಂದು ಟ್ರಂಕಿನ ಜೋಡಿ ತವರಿಗೆ ಬಂದಾಗ ಆಡಿದ್ದು ಒಂದೇ ಮಾತು, "ಅಮ್ಮಿ, ನಾ ಮತ್ತ ಆ ಮನಿಗೆ ಹೋಗಂಗಿಲ್ಲ." ಜಹೀದಾ ಮಗಳ ತಲೆ ಮೇಲೆ ಕೈಯಿಟ್ಟು ಕಳಿಸುವುದಿಲ್ಲ ಎಂದಿದ್ದಳು. ಮೂರು ವರ್ಷದಿಂದ ಓಣಿಯ ಅರ್ಧಕ್ಕರ್ಧ ಕುಪ್ಪಸಗಳು ನಾಹೀದಳ ಮಷಿನ್ನಿನ ಕೆಳಗೇ ಹಾಯ್ದು ಹೋಗುತ್ತಿದ್ದವು. ಆಕೆ ನಗುವುದನ್ನೂ ಮತ್ತೆ ಕಲಿತಿದ್ದಳು.

ಈಗ ಮುನಾವರ ತಿರುಗಿ ಬಂದಿದ್ದ. ಗೋವಾದವಳು ಅವನನ್ನು ಬಿಟ್ಟಳೋ, ಇವನೇ ಬಿಟ್ಟನೋ, ದೇವರಿಗೇ ಗೊತ್ತು. ಬಂದವನಿಗೆ ಉಣ್ಣಲು ಬಡಿಸುವವರು ಬೇಕಾಗಿತ್ತು. ಓಣಿಯಲ್ಲಿ ಆಗಲೇ ಶುರುವಾಗಿತ್ತು: "ಬಂದಾನಲ್ಲ, ಕಳಿಸಿಬಿಡು ಜಹೀದಕ್ಕ." ಹೋದಾಗ ಒಬ್ಬರೂ ಬಾಯಿ ಬಿಡದಿದ್ದವರು ಈಗ ಶಾಣ್ಯಾತನ ಹೇಳಲು ಮುಂದೆ ಬಂದಿದ್ದರು. ಜಹೀದಾಗೆ ಮೈಯೆಲ್ಲ ಉರಿಯುತ್ತಿತ್ತು.

ಐತವಾರ ರೋಣದಿಂದ ಮುನಾವರನ ಕಾಕಾ ಕಾಶೀಂಸಾಬ ಅವನನ್ನು ಕರೆದುಕೊಂಡು ಬಂದ. ಕಾಶೀಂಸಾಬ ಒಣಮೆಣಸಿನಕಾಯಿ ದಲಾಲಿ ಮಾಡುವವನು, ಸಂತೆಯಲ್ಲಿ ಎಂಥ ಜಗಳವನ್ನೂ ಬಗೆಹರಿಸಬಲ್ಲವನು, ಮಾತು ಬೆಣ್ಣೆ. ಹಾಸಿದ ಚಾಪೆಯ ಮೇಲೆ ಕೂತು, ಚಹಾ ಕುಡಿದು, ಬಸಿಯನ್ನು ಪಕ್ಕಕ್ಕಿಟ್ಟ. ಮುನಾವರ ಗೋಡೆಗೆ ಒರಗಿ ಮೊಬೈಲ್ ಒತ್ತುತ್ತಿದ್ದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅವನ ಪಾಲಿನದನ್ನೂ ಕಾಕಾನೇ ಆಡಿದ.

"ಹುಡುಗ ದಾರಿ ತಪ್ಪಿದ್ದ, ಈಗ ಬಂದಾನ. ನಾವು ದೊಡ್ಡವರು ಮನಸ ದೊಡ್ಡದು ಮಾಡಬೇಕರಿ ಬೀಗತಿ."

"ಮನಸು ದೊಡ್ಡದೇ ಐತ್ರಿ ನಂದು. ಬಾಗಲಾ ಸಣ್ಣದು," ಎಂದಳು ಜಹೀದಾ. "ನೀವೂ ಸಿನಿಮಾ ನೋಡೋರು ಅಂತ ಕೇಳೀನಿ. ಬಾಗಲ ಸಿನಿಮಾ ನೋಡೀರೇನು? ವನಮಾಲಾನ ಗಂಡ ಬಂದು ನಿಂತಾಗ ಆಕಿ ಏನ ಮಾಡಿದ್ಲು ಹೇಳ್ರಿ."

ಕಾಶೀಂಸಾಬ ಖುಷಿಯಾದ. ಮುಖ ಅರಳಿತು.

"ಅದನ್ನ ಮರಿಯಾಕ ಆಗತೈತೇನ್ರಿ? ಬಾಗಲಾ ಹಾಕ್ತಾಳ. ಆಮ್ಯಾಲ ಆಕಿ ಜೀವ ತಡಿಯಂಗಿಲ್ಲ. ತಗದು, ಮಳಿಯಾಗ ಓಡಿ ಹೋಗಿ ಗಂಡನ ಕಾಲ ಮ್ಯಾಲ ಬೀಳತಾಳ. ಅವ ಎತ್ತಿ ಅಪ್ಪಿಕೊಳ್ಳತಾನ. ರೋಣದ ಟಾಕೀಜಿನ್ಯಾಗ ಮಂದಿ ರೊಕ್ಕ ತೂರಿದ್ರು ಆ ಸೀನಿಗೆ."

ಜಹೀದಾಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಯಾರಾದರೂ ಆಕೆಯ ತಾಯಿಯನ್ನು ಬೈದಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

"ಸುಳ್ಳು," ಎಂದಳು.

"ಬೀಗತಿ, ನಾ ಎಷ್ಟ ಸಲ ನೋಡೀನೋ ನನಗ ಗೊತ್ತಿಲ್ಲ."

"ನೀವು ನೋಡಿದ್ದು ಬ್ಯಾರೆ ಯಾವುದೋ ಅಳಬುರಕ ಸಿನಿಮಾ ಇರಬೇಕ್ರಿ. ಎಲ್ಲಾ ಕಲಸಿ ಹೇಳಾಕತ್ತೀರಿ. ವನಮಾಲಾ ಬಾಗಲಾ ತಗಿಯಂಗಿಲ್ಲ. ಆಕಿ ತಗದಿದ್ರ ನಾ ಇಷ್ಟು ವರ್ಷ ಬಾಯಿ ತುಂಬ ಹೊಗಳತಿದ್ದೆನೇನು?"

"ತಗದಿದ್ರ?"

"ತಗದಿದ್ರ," ಎಂದಳು ಜಹೀದಾ, ಮತ್ತು ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಸಿನಿಮಾದ ವಿಷಯದಲ್ಲಿ ನಿಲ್ಲಿಸುವುದು ಆಕೆಗೆ ಗೊತ್ತಿದ್ದರೆ ತಾನೆ. "ತಗದಿದ್ರ ನಾನ ನನ್ನ ಕೈಯಾರೆ ಮಗಳಿಗೆ ಹಸರ ಬಳಿ ಇಟ್ಟು ನಿಮ್ಮ ಜೋಡಿ ಕಳಸತೀನಿ. ಜಹೀದಾನ ಮಾತು ಇದು."

ಒಳಗೆ ಮಷಿನ್ ನಿಂತಿತು.

ಜಹೀದಾಳ ಮಾತು ಎಂದರೆ ಊರಿಗೆ ಗೊತ್ತಿತ್ತು. ಏರಿಸುವಾಗ ಒಡೆದ ಬಳೆ ತನ್ನ ಲುಕ್ಸಾನು ಎಂದು ಹೇಳಿದವಳು ಒಂದು ಸಲವೂ ಒಡೆದ ಬಳೆಗೆ ಕಾಸು ಕೇಳಿರಲಿಲ್ಲ. ಕಾಶೀಂಸಾಬನಿಗೆ ಅಷ್ಟೇ ಬೇಕಾಗಿತ್ತು. ನರಗುಂದದಲ್ಲಿ ಸೀಡಿ ಅಂಗಡಿಯವನೊಬ್ಬ ಹಳೆಯ ಸಿನಿಮಾ ಎಲ್ಲ ಇಟ್ಟಿದ್ದಾನೆ, ಬರುವ ಐತವಾರ ತರುತ್ತೇನೆ, ಎಲ್ಲರೂ ಕೂತು ನೋಡೋಣ ಎಂದು ಎದ್ದ.

ಅವರು ಹೋದ ಮೇಲೆ ನಾಹೀದ ಹೊರಗೆ ಬಂದು ನಿಂತಳು. ಕೈಯಲ್ಲಿ ಅರ್ಧ ಹೊಲಿದ ತೋಳು ಹಾಗೇ ಇತ್ತು.

"ನನ್ನ ಬಾಳೇ ಒಂದ ಸಿನಿಮಾದ ಮ್ಯಾಲ ಇಟ್ಟೆಲ್ಲ ಅಮ್ಮಿ."

"ಯಾಕ ಹೆದರತಿ? ಆಕಿ ಬಾಗಲಾ ತಗಿಯಂಗಿಲ್ಲ. ನಾ ಕಣ್ಣಾರೆ ನೋಡೀನಿ."

"ನೀ ನನಗ ಮಾತ ಕೊಟ್ಟಿದ್ದಿ. ಅದರ ಮ್ಯಾಲ ಅವಗ ಇನ್ನೊಂದ ಕೊಟ್ಟಿ."

ಜಹೀದಾ ಆ ವಾರ ಬಂದ ಗಿರಾಕಿಗಳಿಗೆಲ್ಲ ಬಾಗಿಲ ಸಿನಿಮಾದ ಕತೆಯನ್ನೇ ಹೇಳಿದಳು. ತವರಿನ ಕಡೆಯಿಂದ ಬಂದವರೆಲ್ಲ ಹೌದೆಂದರು. ಬಾಗಿಲು ಹಾಕಿದ್ದನ್ನು ಕಂಡವರು ಹತ್ತಾರು ಮಂದಿ, ತೆಗೆದಿದ್ದನ್ನು ಕಂಡವರು ಒಬ್ಬರೂ ಇಲ್ಲ. ಟಿವಿಯಲ್ಲಿ ಎಂದೋ ಬಂದಾಗ ಕರೆಂಟು ಇರಲಿಲ್ಲ ಎಂದು ಒಬ್ಬಳು ನೆನಪಿಸಿಕೊಂಡಳು. ಜಹೀದಾಗೆ ಧೈರ್ಯ ಬಂತು. ನಾಹೀದಳಿಗೆ ಬರಲಿಲ್ಲ.

ಐತವಾರ ಟಿವಿಯ ಮುಂದೆ ಓಣಿಯೇ ಕೂತಿತ್ತು. ಕಾಶೀಂಸಾಬನಿಗೂ ಮುನಾವರನಿಗೂ ಕುರ್ಚಿ. ಗೌರವ್ವ ಜಹೀದಾಳ ತೊಡೆಗೆ ತೊಡೆ ಹಚ್ಚಿ ಕೂತಿದ್ದಳು. ನಾಹೀದ ಕೋಣೆಯ ಬಾಗಿಲಲ್ಲಿ ನಿಂತೇ ಇದ್ದಳು. ಸೀಡಿ ಅಲ್ಲಲ್ಲಿ ತಡವರಿಸಿದರೂ ಓಡಿತು. ವನಮಾಲಾ ಅತ್ತಳು, ಹೊಲಿದಳು, ಅವಮಾನ ನುಂಗಿದಳು. ಜಹೀದಾ ಪ್ರತಿ ಸೀನಿಗೂ ಮೊದಲೇ ಹೇಳುತ್ತ ಹೋದಳು, ಒಂದೂ ತಪ್ಪಾಗಲಿಲ್ಲ. ಕಡೆಗೆ ಮಳೆ ಬಂತು. ಗಂಡ ಬಂದು ಹೊಸ್ತಿಲ ಹೊರಗೆ ನಿಂತ. ವನಮಾಲಾ ಮೇಲಿಂದ ಕೆಳಗೆ ನೋಡಿದಳು. ಬಾಗಿಲು ಹಾಕಿದಳು. ಚಿಲಕ ಸಪ್ಪಳವಾಯಿತು.

"ನೋಡ್ರಿ," ಎಂದು ಜಹೀದಾ ಕಾಶೀಂಸಾಬನ ಕಡೆ ಹೊರಳಿದಳು. "ಮುಗೀತು. ಇನ್ನ ಶುಭಂ ಬರತೈತಿ."

ಶುಭಂ ಬರಲಿಲ್ಲ. ಸಂಗೀತ ನಿಲ್ಲಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ ವನಮಾಲಾಳ ಮುಖ ಕಂಡಿತು. ಜಹೀದಾ ಆ ಮುಖವನ್ನು ಹಿಂದೆಂದೂ ಕಂಡಿರಲಿಲ್ಲ. ಮಿಂಚು ಹೊಡೆಯಿತು, ಮದುವೆಯ ದಿನದ ನೆನಪು ಬಂತು, ವನಮಾಲಾ ತಾಳಿಯನ್ನು ಕಣ್ಣಿಗೆ ಒತ್ತಿಕೊಂಡಳು. ಚಿಲಕ ತೆಗೆದಳು. ಕೆಸರಿನಲ್ಲಿ ಓಡಿಹೋಗಿ ಅವನ ಕಾಲು ಹಿಡಿದು, ನನ್ನನ್ನು ಕ್ಷಮಿಸಿ ಎಂದಳು. ಕ್ಷಮೆ ಕೇಳಿದ್ದು ಆಕೆ. ಅವನಲ್ಲ, ಆಕೆ. ಅವನು ದೊಡ್ಡ ಮನಸ್ಸು ಮಾಡಿ ಎಬ್ಬಿಸಿದ. ಮೇಲೆ ಒಂದು ಇಡೀ ಹಾಡು ಬೇರೆ ಇತ್ತು.

ಹಾಡಿನ ತುಂಬ ಮುನಾವರ ಕಾಲ ಮೇಲೆ ಕಾಲು ಹಾಕಿ, ಕೋಣೆಯ ಬಾಗಿಲಿನತ್ತ ನೋಡಿ ಮುಗುಳ್ನಗುತ್ತಿದ್ದ. ಆ ನಗೆಯನ್ನು ಜಹೀದಾ ಕಂಡಳು.

"ಇದು ಹ್ಯಾಂಗ?" ಎಂದಳು ಗೌರವ್ವ. "ನಾವು ನೋಡಿದಾಗ ಹಿಂಗ ಇರಲಿಲ್ಲಲ್ಲ."

ಕಾಶೀಂಸಾಬ ನಗುತ್ತ ಕೇಳಿದ, "ನೀವು ನೋಡಿದ್ದೆಲ್ಲಿ? ನರೇಗಲ್ಲಿನ ಟೆಂಟಿನ್ಯಾಗೇನು? ಹಂಗಂದ್ರ ಬಿಡ್ರಿ. ಆ ಟೆಂಟಿನವ ಯಾವ ಸಿನಿಮಾನೂ ಪೂರಾ ತೋರಿಸಲಿಲ್ಲ. ಕಡೀ ಬಸ್ಸು ಹೊರಗ ನಿಂತು ಹಾರ್ನ್ ಹೊಡಿತಿತ್ತು, ಮಂದಿ ಎದ್ದು ಓಡತಿದ್ರು, ಖಾಲಿ ಟೆಂಟಿಗೆ ಯಾರು ರೀಲ್ ಓಡಸತಾರ? ಕಡೀದನ್ನ ಡಬ್ಬಿಯಾಗ ಬಿಟ್ಟು, ತಾನ ಬರದ ಗಾಜಿನ ಸ್ಲೈಡ್ ಹಾಕಿ ಶುಭಂ ಅಂತಿದ್ದ. ರೋಣದಾಗ ಎಲ್ಲಾರೂ ನಗತಿದ್ರು ನಿಮಗ."

ಜಹೀದಾಗೆ ಎಲ್ಲ ನೆನಪಾಯಿತು. ಸೊಟ್ಟ ಅಕ್ಷರದ ಶುಭಂ, ಮಗ್ಗುಲಿಗೆ ಕೈಯಲ್ಲಿ ಬರೆದ ಕಮಲದ ಹೂವು. ಚಿಲಕದ ಸಪ್ಪಳದ ಹಿಂದೆಯೇ ಬರುತ್ತಿದ್ದ ಹಾರ್ನು. ಯಾವ ಸಿನಿಮಾಕ್ಕಾದರೂ ಅದೇ ಕಮಲ. ಇಷ್ಟು ವರ್ಷ ಅದನ್ನು ಅನುಮಾನಿಸಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಸಿನಿಮಾ ಮಾಡಿದವರಿಗೆ ಬಾಗಿಲು ಹಾಕುವ ಎದೆ ಇರಲಿಲ್ಲ. ಅದನ್ನು ಹಾಕಿದ್ದು ಒಂದು ಬಸ್ಸು.

ಸಿಟ್ಟು ಬಂತು, ಎಂಥ ಸಿಟ್ಟು. ಟೆಂಟಿನವನ ಮೇಲೆ ಅಲ್ಲ. ಅವನಿಗೆ ಸಿನಿಮಾ ಎಲ್ಲಿ ಮುಗಿಯಬೇಕೆಂದು ಗೊತ್ತಿತ್ತು. ಅವಳಿಗೆ ಸಿಟ್ಟು ಬಂದದ್ದು ವನಮಾಲಾಳನ್ನು ಕೆಸರಿಗೆ ಓಡಿಸಿ ಸಿನಿಮಾ ಮಾಡಿದವನ ಮೇಲೆ. ಅಷ್ಟೆಲ್ಲ ಹೊಲಿಸಿ, ಅಷ್ಟೆಲ್ಲ ನುಂಗಿಸಿ, ಕಡೆಗೆ ಆಕೆಯ ಬಾಯಿಂದಲೇ ಕ್ಷಮೆ ಕೇಳಿಸಿದನಲ್ಲ, ಅವನ ಕೈ ಸೇದಿಹೋಗಲಿ. ಈಗಿನವರು ಮಚ್ಚಿನಿಂದ ಕಡಿಯುತ್ತಾರೆ, ಆಗಿನವರು ಅರಿಷಿಣ ಕುಂಕುಮ ಹಚ್ಚಿ ಕಡಿಯುತ್ತಿದ್ದರು. ಇಬ್ಬರೂ ಒಂದೇ.

"ಬೀಗತಿ," ಎಂದ ಕಾಶೀಂಸಾಬ ಮೆಲ್ಲಗೆ. "ಬಳಿ."

ಓಣಿಯವರು ಜಹೀದಾಳನ್ನೇ ನೋಡುತ್ತಿದ್ದರು. ವಾರದೊಳಗೆ ಎಲ್ಲರಿಗೂ ಗೊತ್ತಾಗಿದ್ದ ಮಾತು. ಆಕೆ ಬಾಯಿ ತೆರೆಯುವಷ್ಟರಲ್ಲಿ ನಾಹೀದ ಮುಂದೆ ಬಂದು ಚಾಪೆಯ ಮೇಲೆ ಕೂತು ಕೈ ಚಾಚಿದಳು.

"ಇಡು ಅಮ್ಮಿ. ಮಾತ ಕೊಟ್ಟೀದಿ."

ಹೆಂಗಸರು ಬಳೆ ಇಡಿಸಿಕೊಳ್ಳುವಾಗ ಗಂಡಸರು ಅಲ್ಲಿರುವ ಪದ್ಧತಿ ಇಲ್ಲ. ಕಾಶೀಂಸಾಬ ಎದ್ದ, ಮುನಾವರ ಹಿಂದೆ ಎದ್ದ, ಇಬ್ಬರೂ ಹೊರಗೆ ಹೋಗಿ ಚಪ್ಪಲಿ ಮೆಟ್ಟಿ ಕಟ್ಟೆಯ ಹತ್ತಿರ ನಿಂತರು. ಜಹೀದಾ ಹಸಿರು ಬಳೆಯ ಗಂಟು ಬಿಚ್ಚಿದಳು. ಎಷ್ಟೋ ಸಾವಿರ ಕೈಗೆ ಬಳೆ ಏರಿಸಿದ ಕೈ ಅದು. ಅವತ್ತು ಮೊದಲನೆಯದೇ ಒಡೆಯಿತು. ನಾಹೀದಳ ಮುಂಗೈಯಲ್ಲಿ ಸಣ್ಣಗೆ ರಕ್ತ ಬಂತು. ನಾಹೀದ ಕೈ ಎಳೆದುಕೊಳ್ಳಲಿಲ್ಲ.

"ನನ್ನ ಬಾಯಿಗೆ ಬೆಂಕಿ ಬೀಳಲಿ," ಎಂದಳು ಜಹೀದಾ. ಕಣ್ಣೀರು ಸುರಿಯುತ್ತಿತ್ತು. "ಬ್ಯಾಡ ಅನ್ನು, ನಾ ಇಲ್ಲೇ ನಿಲ್ಲಸ್ತೀನಿ."

"ಇಡು," ಎಂದಳು ನಾಹೀದ.

ಎರಡೂ ಕೈ ತುಂಬಿದವು. ನಾಹೀದ ಎದ್ದಳು, ಸೆರಗು ಸರಿಮಾಡಿಕೊಂಡಳು, ಬಳೆಗಳ ಸದ್ದಿನೊಡನೆ ತಲಬಾಗಿಲಿಗೆ ನಡೆದಳು. ಹೆಂಗಸರು ದಾರಿ ಬಿಟ್ಟರು. ಗೌರವ್ವ ಬಾಯಿಗೆ ಸೆರಗು ಇಟ್ಟುಕೊಂಡಿದ್ದಳು. ಹೊರಗೆ ಮುನಾವರ ಬಳೆಯ ಸಪ್ಪಳ ಕೇಳಿ ಮೊಬೈಲ್ ಕಿಸೆಗೆ ಹಾಕಿ, ಅದೇ ಮುಗುಳ್ನಗೆಯಿಂದ ಹೊಸ್ತಿಲ ಹತ್ತಿರ ಬಂದ.

"ಟ್ರಂಕು ಎಲ್ಲೈತಿ?" ಎಂದು ಕೇಳಿದ.

ನಾಹೀದ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಮ್ಮ ಕಡೆ ಇಲ್ಲಿಗೇ ಮುಗೀತೈತ್ರಿ," ಎಂದಳು.

ಬಾಗಿಲು ಹಾಕಿ ಚಿಲಕ ಇಟ್ಟಳು.

ಹೊರಗಿನಿಂದ ಬಾಗಿಲು ಬಡಿತ ಶುರುವಾಯಿತು. ಮೊದಲು ಮುನಾವರನದು, ಆಮೇಲೆ ಕಾಶೀಂಸಾಬನ ದನಿ: "ಬೀಗತಿ, ಮಾತ ಕೊಟ್ಟೀರಿ. ನಾಲ್ಕ ಮಂದಿಗೆ ಗೊತ್ತೈತಿ."

ಜಹೀದಾ ಕಣ್ಣು ಒರೆಸಿಕೊಂಡು ಎದ್ದು ಬಂದು ಬಾಗಿಲ ಹತ್ತಿರ ಮಗಳ ಪಕ್ಕ ನಿಂತಳು.

"ಕೊಟ್ಟಿದ್ದೆ, ಖರೇ. ಬಳಿ ಇಟ್ಟೀನಿ, ಕಳಿಸೂದಿಲ್ಲ. ಜಹೀದಾ ಮಾತ ತಪ್ಪಿದ್ಲು ಅಂತ ರೋಣದ ತುಂಬ ಹೇಳ್ರಿ, ನರಗುಂದದಾಗೂ ಹೇಳ್ರಿ. ಆದ್ರ ಹೇಳೂವಾಗ ಎಲ್ಲಿಗೆ ಮುಗೀತು ಅನ್ನೂದನ್ನ ಸರಿಯಾಗಿ ಹೇಳ್ರಿ."

ಸೀಡಿ ಕಡೆಯ ಚಿತ್ರದ ಮೇಲೆ ನಿಂತುಬಿಟ್ಟಿತ್ತು. ಹಾಡು ಮುಗಿದು ಪರದೆಯ ಮೇಲೆ ವನಮಾಲಾ ನಗುತ್ತ ನಿಂತಿದ್ದಳು. ಗೌರವ್ವ ಎದ್ದು ಹೋಗಿ ಟಿವಿ ಬಂದ್ ಮಾಡಿದಳು.